ಹಸಿ ಕಾಲಿನ ಹಾಜರಿ

ನಮ್ಮ ಕೇರಿಯ ಹಾಜರಿ ಪುಸ್ತಕ ಬರೆಯುತ್ತಿದ್ದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ.

ನನ್ನ ಹೆಸರು ಕರೆಮ್ಮ. ವಯಸ್ಸು ಹದಿನೈದು. ವನದುರ್ಗದಿಂದ ಕೆಳಕ್ಕೆ, ಕಾಲುವೆ ಮುಗಿಯುವ ಕಡೆ ನಮ್ಮ ಕೇರಿ. ಕಾಲುವೆ ಕಾಯ್ದೆ ಬಂದು ಹನ್ನೊಂದು ವರ್ಷವಾಯಿತು. ಕಾಯ್ದೆ ಬಂದ ದಿನವೇ ಕಾಲುವೆ ಮಂಡಳಿಯವರು ಜನರನ್ನು ಎರಡು ಮಾಡಿದರು. ಕಾಲುವೆಯ ತಲೆಗೆ ಇರುವವರು ಹೆಡ್ಡಿನವರು. ಕೊನೆಗೆ ಇರುವವರು ಟೇಲಿನವರು. ಟೇಲಿನವರ ಹೊಟ್ಟೆಯಲ್ಲಿ ಹುಟ್ಟಿದವರೂ ಟೇಲಿನವರೇ. ಶಹಾಪುರದಲ್ಲಿ ಮನೆ ಮಾಡಿದರೂ ಅಷ್ಟೇ, ಯಾದಗಿರಿಯಲ್ಲಿ ಕಾಲೇಜು ಓದಿದರೂ ಅಷ್ಟೇ. ಕಾಯ್ದೆಗೆ ಮೊದಲೂ ನಾವು ಊರ ಹೊರಗೇ ಇದ್ದವರು. ಹಳೆಯ ಹೆಸರು ತೆಗೆದು ಹೊಸ ಹೆಸರು ಇಟ್ಟರು. ಬೇರೇನೂ ಬದಲಾಗಲಿಲ್ಲ.

ಟೇಲಿನವರು ಹುಟ್ಟಾ ನೀರುಗಳ್ಳರು ಎಂದು ಕಾಯ್ದೆಯಲ್ಲಿ ಬರೆದಿದೆ. ನಾನು ಓದಿದ್ದೇನೆ. ಅದಕ್ಕೆ ನಮ್ಮ ಬಾವಿಗಳ ಮೇಲೆ ಸಿಮೆಂಟಿನ ಹಲಗೆ ಮುಚ್ಚಿ ಸೀಲು ಹಾಕಿದರು. ದಿನಕ್ಕೊಂದು ಟ್ಯಾಂಕರ್, ತಲೆಗೊಂದು ಕೊಡ ನೀರು. ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಯಾಕೆಂದರೆ ನಮ್ಮ ಕಾಲು ಅವರಿಗೆ ಕಾಣುತ್ತಿರಬೇಕು.

ಕಾಲು ನೋಡುವುದಕ್ಕೆ ಒಂದು ಬಿಳಿ ಬಟ್ಟೆ ಇತ್ತು. ಸಂಜೆ ಐದಕ್ಕೆ ಮಂಡಳಿಯ ಜಮಾದಾರ ಸಂಗಣ್ಣ ಅದನ್ನು ಕಾಲುವೆ ಗೇಟಿನ ಕಟ್ಟೆಯ ಮೇಲೆ ಹಾಸುತ್ತಿದ್ದ. ನಾನು ಹೆಸರು ಓದಬೇಕು. ಓದಿದವರು ಬಂದು ಎರಡೂ ಕಾಲನ್ನು ಬಟ್ಟೆಯ ಮೇಲೆ ಒತ್ತಿ, "ಹಾಜರ್ರಿ, ಒಣ ಕಾಲು" ಅನ್ನಬೇಕು. ಕಲೆ ಬೀಳದಿದ್ದರೆ ಹೆಸರಿನ ಮುಂದೆ 'ಒಣ' ಎಂದು ಬರೆಯಬೇಕು. ಕಲೆ ಬಿದ್ದರೆ 'ಹಸಿ'. ಹಸಿ ಎಂದರೆ ನೀರಿಗೆ ಇಳಿದಿದ್ದಾರೆ, ಕದ್ದಿದ್ದಾರೆ ಎಂದು ಲೆಕ್ಕ. ಮೂರು ಸಲ ಹಸಿಯಾದರೆ ಹೂಳು ಕ್ಯಾಂಪು. ಕ್ಯಾಂಪು ಎಲ್ಲಿದೆಯೆಂದು ನಮಗೆ ಗೊತ್ತಿಲ್ಲ. ನಮ್ಮ ಕೇರಿಯಿಂದ ಹನ್ನೊಂದು ಮಂದಿ ಹೋಗಿದ್ದಾರೆ. ಒಬ್ಬರೂ ವಾಪಸು ಬಂದಿಲ್ಲ. ಆ ಹನ್ನೊಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳೂ ನಾನೇ.

ಟೇಲಿನವರ ಹಾಜರಿಯನ್ನು ಟೇಲಿನವರ ಕೈಯಿಂದಲೇ ಬರೆಸಬೇಕು ಎಂಬುದು ಕಾಯ್ದೆ. ಮಂಡಳಿ ಸುಳ್ಳು ಬರೆಯಿತು ಅಂತ ಯಾರೂ ಅನ್ನಬಾರದಲ್ಲ, ಅದಕ್ಕೆ. ಹದಿನಾರು ತುಂಬದವರಿಗೆ ಕಾಲು ತಪಾಸಣೆ ಇಲ್ಲ. ಹೀಗಾಗಿ ಅಕ್ಷರ ಬಲ್ಲ ಒಂದು ಮಗುವನ್ನು ಹಿಡಿದು ಕೂರಿಸುತ್ತಾರೆ. ನಾನು ಒಂಬತ್ತನೆಯ ತರಗತಿಯವರೆಗೆ ಓದಿದ್ದೆ. ನನ್ನ ಅಕ್ಷರ ದುಂಡಗಿತ್ತು. ಆಗ ನನಗೆ ಅದರ ಹೆಮ್ಮೆಯೂ ಇತ್ತು. ನಾಚಿಕೆಯಾಗುತ್ತದೆ, ಆದರೆ ಇತ್ತು.

ಈಗ ಕೆಲಸದ ಮಾತು. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡಿದಾಗ ಹೂಳು ತೆಗೆಯುವವರು ಯಾರು? ನಾವೇ. ಬೆಳಗಿನ ಜಾವ ಟ್ರ್ಯಾಕ್ಟರ್ ಬರುತ್ತದೆ. ಕೇರಿಯ ಮೈಗಟ್ಟಿ ಇರುವವರನ್ನೆಲ್ಲ ತುಂಬಿಕೊಂಡು ಹೆಡ್ಡಿನ ಕಡೆ ಒಯ್ಯುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಲಿಕೆಯಿಂದ ಎತ್ತಬೇಕು, ಬುಟ್ಟಿ ತುಂಬಬೇಕು, ದಂಡೆಗೆ ಏರಿಸಬೇಕು. ಸೊಂಟ ಸಂಜೆಯವರೆಗೆ ನೆಟ್ಟಗಾಗುವುದಿಲ್ಲ. ಎರೆ ಮಣ್ಣು ಹಿಮ್ಮಡಿಯ ಬಿರುಕಿನಲ್ಲಿ ಸೇರಿ ಕಲ್ಲಾಗುತ್ತದೆ. ದಿನವಿಡೀ ಕೆಸರಿನಲ್ಲಿ ನಿಲ್ಲಿಸಿ, ಐದು ಗಂಟೆಗೆ ಒಣ ಕಾಲು ತೋರಿಸು ಅನ್ನುತ್ತಾರೆ. ತೊಳೆಯಲು ನೀರು ಎಲ್ಲಿಂದ ತರಬೇಕು? ಎಲ್ಲರೂ ಹಂಚಿನ ಚೂರಿನಿಂದ ಕಾಲು ಕೆರೆದುಕೊಳ್ಳುತ್ತಾರೆ. ಕೆರೆದು ಕೆರೆದು ರಕ್ತ ಬರುತ್ತದೆ. ರಕ್ತದ ಕಲೆ ಬಿದ್ದರೂ ಹಸಿ ಎಂದೇ ಬರೆಯಬೇಕು. ಪುಸ್ತಕದಲ್ಲಿ ಬೇರೆ ಮಾತಿಗೆ ಜಾಗವಿಲ್ಲ. ಕಲೆಯಾದ ಬಟ್ಟೆಯನ್ನು ಮಾತ್ರ ಹೆಡ್ಡಿಗೆ ಕಳಿಸಿ ಒಗೆಸಿ ತರುತ್ತಾರೆ. ಬಟ್ಟೆ ಒಗೆಯಲು ನೀರಿದೆ. ಕಾಲು ತೊಳೆಯಲು ಇಲ್ಲ.

ಗೇಟಿನ ಮುಂದಿನ ಗುಂಡಿಯಲ್ಲಿ ಬೇಸಿಗೆಯಲ್ಲೂ ಸೊಂಟದಷ್ಟು ನೀರು ನಿಂತಿರುತ್ತದೆ. ನಮ್ಮ ಗುಡಿಸಲಿನಿಂದ ನೂರು ಹೆಜ್ಜೆ. ಹೆಡ್ಡಿನವರ ಎಮ್ಮೆಗಳು ಬಂದು ಅದರಲ್ಲಿ ಮಧ್ಯಾಹ್ನವಿಡೀ ಬಿದ್ದಿರುತ್ತವೆ. ಎಮ್ಮೆಗೆ ಹಾಜರಿ ಇಲ್ಲ.

ನಮ್ಮಪ್ಪ ಹುಲಗಪ್ಪ. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೋದ ವರ್ಷ ಒಂದು ಸಂಜೆ ಬಟ್ಟೆಯ ಮೇಲೆ ನಿಂತು ಕೇಳಿಬಿಟ್ಟ.

"ಜಮಾದಾರ್ರ, ನಮ್ಮ ಕಾಲ ದಿನಾ ನೋಡ್ತೀರಿ. ಒಂದಿನ ನಿಮ್ಮ ಕಾಲ್ಮರಿ ಬಿಚ್ರಿ. ನಿಮ್ಮ ಕಾಲೂ ನೋಡಾಣು."

ಸಾಲಿನಲ್ಲಿದ್ದ ಯಾರೋ ನಕ್ಕರು. ಸಂಗಣ್ಣ ಕೈಯಲ್ಲಿದ್ದ ಬಾಟಲಿಯ ನೀರನ್ನು ಅಪ್ಪನ ಪಾದದ ಮೇಲೆ ಸುರಿದ. ಬಟ್ಟೆಯ ಮೇಲೆ ಒತ್ತು ಅಂದ. ನನ್ನ ಕಡೆ ತಿರುಗಿ ಬರಿ ಅಂದ. ಮರುದಿನವೂ ಸುರಿದ. ಮೂರನೆಯ ದಿನವೂ ಸುರಿದ. ನಾನು ಪೆನ್ನು ಕೆಳಗಿಟ್ಟದ್ದನ್ನು ಕಂಡು ಅಪ್ಪನೇ ಹೇಳಿದ.

"ಬರಿಯವ್ವ. ಕಣ್ಣಿಗೆ ಕಂಡಿದ್ದನ್ನ ಬರಿ. ನೀ ಬರಿಲಿಲ್ಲಂದ್ರ ನಿನ್ನ ಬಡಿತಾನ."

ಬರೆದೆ. ದುಂಡಗಿನ ಅಕ್ಷರದಲ್ಲಿ ಮೂರು ಸಲ ಬರೆದೆ. ಬೆಳಿಗ್ಗೆ ಆರಕ್ಕೆ ಕ್ಯಾಂಪಿನ ಗಾಡಿ ಬಂದು ಅಪ್ಪನನ್ನು ಒಯ್ದಿತು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ನಾನು, ಅಕ್ಕ ಬಾಲಮ್ಮ, ಅಕ್ಕನ ಗಂಡ ಅಂಬ್ರಪ್ಪ ಮಾವ, ಮತ್ತೆ ಆಯಿ. ಆಯಿ ಅಂದರೆ ಅಪ್ಪನ ತಾಯಿ ಮರಿಲಿಂಗಮ್ಮ. ಅಪ್ಪ ಹೋದ ಮೇಲೆ ಆಯಿ ತಿಂಗಳುಗಟ್ಟಲೆ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ.

ಅಕ್ಕನ ಹೆಸರಿನ ಮುಂದೆ ಆಗಲೇ ಎರಡು ಹಸಿ ಇದ್ದವು. ಎರಡೂ ಅವಳು ಬಸುರಿ ಇದ್ದಾಗ ಬಿದ್ದವು. ಹೊಟ್ಟೆ ಮುಂದೆ ಬಂದಿತ್ತು. ಬಾಗಿ ಹಿಮ್ಮಡಿ ಕೆರೆದುಕೊಳ್ಳಲು ಆಗುತ್ತಿರಲಿಲ್ಲ. ಒಂದು ಕೆಸರಿನ ಕಲೆ, ಇನ್ನೊಂದು ರಕ್ತದ್ದು. ಇನ್ನೊಂದು ಸಲ ಹಸಿಯಾದರೆ ಗಾಡಿ ಅವಳಿಗಾಗಿ ಬರುತ್ತದೆ. ಕೂಸುಗಳನ್ನು ಕ್ಯಾಂಪಿಗೆ ಬಿಡುವುದಿಲ್ಲ. ಅದೂ ಕಾಯ್ದೆ.

ಅಕ್ಕ ಹೆಣ್ಣುಕೂಸು ಹಡೆದಳು. ಹತ್ತನೆಯ ದಿನದಿಂದ ಹಾಜರಿಗೆ ಬಂದು ನಿಂತಳು. ಹೂಳಿಗೆ ಮಾತ್ರ ಒಂದು ತಿಂಗಳು ಕರೆಯುವುದಿಲ್ಲ. ಬಾಣಂತಿಗೆ ಮಂಡಳಿ ಕೊಡುವ ರಿಯಾಯಿತಿ ಅಷ್ಟೇ.

ಇಪ್ಪತ್ತೊಂದನೆಯ ದಿನ ಆಯಿ ಹಟ ಹಿಡಿದಳು. ನಮ್ಮಲ್ಲಿ ಬಾಣಂತಿ ನೀರಿನ ಕೊಡ ಮುಟ್ಟಬೇಕಾದರೆ ಮೊದಲು ಗಂಗಿ ಪೂಜೆ ಆಗಬೇಕು. ನೀರಿನ ದಂಡೆಗೆ ಹೋಗಿ, ಐದು ಕಲ್ಲಿಟ್ಟು, ಅರಿಶಿಣ ಕುಂಕುಮ ಏರಿಸಿ, ಬಾಣಂತಿ ತನ್ನ ಕೈಯಿಂದಲೇ ನೀರು ತುಂಬಿ ತರಬೇಕು. ಅಪ್ಪ ಇದ್ದಾಗ ಗೋಡೆಗೆ ಬುದ್ಧನ ಪಟ ಹಾಕಿ ಇದನ್ನೆಲ್ಲ ನಗುತ್ತಿದ್ದ. ಆಯಿ ಪಟಕ್ಕೂ ಕೈ ಮುಗಿಯುತ್ತಿದ್ದಳು, ಗಂಗವ್ವನನ್ನೂ ಬಿಟ್ಟಿರಲಿಲ್ಲ.

"ಟ್ಯಾಂಕರ್ ಮುಂದ ಮಾಡು ಆಯಿ," ಅಂದೆ ನಾನು.

"ಟ್ಯಾಂಕರಿನ್ಯಾಗ ಗಂಗವ್ವ ಕುಂತಿರ್ತಾಳೇನು, ನಲ್ಲಿ ತಿರುವಿದ್ರ ಬರಾಕ? ನಮ್ಮ ಮನ್ಯಾಗ ಯಾವ ಬಾಣಂತಿನೂ ಗಂಗಿ ಬಿಟ್ಟಿಲ್ಲ. ಇವಳೂ ಬಿಡಂಗಿಲ್ಲ."

"ಎರಡು ಹಸಿ ಅದಾವ ಅಕ್ಕಂದು."

"ಮಧ್ಯಾಹ್ನ ಜಮಾದಾರ ಮಲಗಿರ್ತಾನ. ಸಂಜಿಕ ಕಾಲ ಒಣಗಿರ್ತಾವ. ನಡಿ."

ಕೇರಿಯವರೆಲ್ಲ ಹೂಳಿಗೆ ಹೋಗಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಸಂಗಣ್ಣ ಶೆಡ್ಡಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಜ್ವರ ಅಂತ ಹೂಳಿಗೆ ಹೋಗದಿದ್ದ ಪಕ್ಕದ ಮನೆಯ ಚಮನಬೀ ಕೂಸನ್ನು ಎತ್ತಿಕೊಂಡು ದಂಡೆಯ ಮೇಲೆ ಕಾವಲು ನಿಂತಳು. ಆಯಿ ಅಕ್ಕನ ಪಾದಕ್ಕೆ ಅರಿಶಿಣ ಹಚ್ಚಿದಳು. ಐದು ಸಣ್ಣ ಕಲ್ಲು ಆರಿಸಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡಿದಳು. ಅಕ್ಕ ಮೆಟ್ಟಿಲು ಇಳಿದು ನೀರಲ್ಲಿ ಕಾಲಿಟ್ಟಳು. ಹನ್ನೊಂದು ವರ್ಷದ ಮೇಲೆ ಅವಳಿಗೆ ಕಾಲು ಮುಳುಗುವಷ್ಟು ನೀರು ಸಿಕ್ಕಿದ್ದು. ಒಂದು ಗಳಿಗೆ ಹಾಗೇ ನಿಂತು ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೆ ಬಹಳ ಖುಷಿಯಾಯಿತು.

ತಂಬಿಗೆ ತುಂಬಿಕೊಂಡು ಮೇಲೆ ಬಂದ ಮೇಲೆ ನಾನು ಹೇಳಿದೆ.

"ಈ ಕಲ್ಲ ನೀರಿಗಿ ಒಗದು ಹೋಗಾಣು, ಆಯಿ. ಕಂಡ್ರ ಗೊತ್ತಾಗ್ತದ."

"ಪೂಜಿ ಮಾಡಿದ ಗಂಗವ್ವನ್ನ ಎತ್ತಿ ಒಗಿತಾರೇನ ಬೇ? ಕೂಸಿಗಿ ಒಳ್ಳೇದಾಗಂಗಿಲ್ಲ."

ಆಯಿಗೆ ಕಾಣದಂತೆ ಹಿಂದಿರುಗಿ ಬಂದು ಒಗೆಯಬಹುದಿತ್ತು. ಬಂದೆ ಕೂಡ. ಕಲ್ಲಿನ ಮುಂದೆ ಕುಂತೆ. ಕೈ ಮುಂದೆ ಹೋಗಲಿಲ್ಲ. ಓದಿದವಳು, ಕಾಯ್ದೆ ಬಲ್ಲವಳು, ಅಕ್ಕನ ಎರಡು ಹಸಿಯನ್ನು ಕೈಯಾರೆ ಬರೆದವಳು. ಕೂಸಿಗೆ ಏನಾದರೂ ಆದರೆ ಅನ್ನಿಸಿ ಎದ್ದು ಹೋದೆ.

ನಾಲ್ಕು ಗಂಟೆಗೆ ಸಂಗಣ್ಣ ಎದ್ದು ಕಟ್ಟೆಗೆ ಬಂದ. ಕಲ್ಲು ನೋಡಿದ. ಅವನೂ ಇದೇ ಸೀಮೆಯವನು. ಅವನ ಮನೆಯ ಬಾಣಂತಿಯರೂ ಐದು ಕಲ್ಲು ಇಡುವವರೇ. ಅರ್ಥವಾಗಲು ಅವನಿಗೆ ಸಾಕ್ಷಿ ಬೇಕಾಗಲಿಲ್ಲ. ಕೇರಿಯಲ್ಲಿ ಇದ್ದ ಬಾಣಂತಿ ಒಬ್ಬಳೇ.

ಐದಕ್ಕೆ ಟ್ರ್ಯಾಕ್ಟರ್ ಬಂದು ಜನರನ್ನು ಇಳಿಸಿತು. ಎಲ್ಲರೂ ಕಾಲು ಕೆರೆದುಕೊಂಡು ಸಾಲು ನಿಂತರು. ಸಂಗಣ್ಣ ಬೂಟಿನಿಂದ ಆ ಕಲ್ಲುಗಳನ್ನು ಒಂದೊಂದಾಗಿ ಒದ್ದು ನೀರಿಗೆ ಬೀಳಿಸಿದ. ಬಟ್ಟೆ ಹಾಸಿದ.

"ಇವತ್ತ ಮೊದಲನೇ ಹೆಸರು ಬಾಲಮ್ಮಂದು. ಓದು."

ಓದಿದೆ. ಅಕ್ಕ ಕೂಸನ್ನು ಎದೆಗೊತ್ತಿಕೊಂಡು ಬಂದಳು. ಕಾಲು ಒಣಗಿದ್ದವು. ಆದರೂ ಬಟ್ಟೆಯ ಮೇಲೆ ಎರಡು ಹಳದಿ ಪಾದ ಮೂಡಿದವು. ಅರಿಶಿಣ ಹಂಚಿನ ಚೂರಿಗೆ ಹೋಗುವುದಿಲ್ಲ. ಅಕ್ಕ "ಹಾಜರ್ರಿ" ಅಂದಳು. 'ಒಣ ಕಾಲು' ಅನ್ನಲಿಲ್ಲ.

"ಬರಿ," ಅಂದ ಸಂಗಣ್ಣ.

ಪೆನ್ನು ಹಾಳೆಯ ಮೇಲಿಟ್ಟೆ. ಅಕ್ಕ ನನ್ನನ್ನು ನೋಡಲಿಲ್ಲ. ಕೂಸಿನ ತಲೆಯನ್ನು ನೋಡುತ್ತಿದ್ದಳು. ನಾಳೆ ಬೆಳಿಗ್ಗೆ ಆರಕ್ಕೆ ಈ ಕೂಸು ಯಾರ ಎದೆಗೆ ಬಾಯಿ ಹಾಕಬೇಕು? ಬರೆಯಲಿಲ್ಲ.

"ನಿಮ್ಮಪ್ಪಂದ ಬರದಿ. ಅಕ್ಕಂದ ಯಾಕ ಬರಿವಲ್ಲಿ?"

ಈ ಮಾತನ್ನು ಅವನು ಎಲ್ಲರಿಗೂ ಕೇಳಲಿ ಎಂದೇ ಹೇಳಿದ. ಇಡೀ ಕೇರಿ ನನ್ನನ್ನು ನೋಡಿತು. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಪುಸ್ತಕವೇ ಕಂಡಿತು.

ಪುಸ್ತಕದಲ್ಲಿ ಅರವತ್ತೆರಡು ಹೆಸರು. ಹನ್ನೊಂದಕ್ಕೆ ಕೆಂಪು ಗೆರೆ. ಉಳಿದವರು ಐವತ್ತೊಂದು. ಐವತ್ತೊಂದರಲ್ಲಿ ಮೂವತ್ತಾರು ಹೆಸರಿನ ಮುಂದೆ ಎರಡೆರಡು ಹಸಿ ಇದ್ದವು. ಇದು ನನ್ನೊಬ್ಬಳಿಗೇ ಗೊತ್ತು. ಸಣ್ಣ ಕಲೆಗೆ ಒಣ ಬರೆದೆನೋ ಹಸಿ ಬರೆದೆನೋ ಬಟ್ಟೆಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಯಾರ ಹೆಸರಿಗೆ ಎಷ್ಟು ಬಿದ್ದಿದೆ ಎಂದು ಅವರಿಗೆ ಹೇಳುವಂತಿಲ್ಲ, ಅದು ದೊಡ್ಡ ಅಪರಾಧ. ಹೀಗಾಗಿ ಎಲ್ಲರೂ ಪಕ್ಕದವನಿಗಿಂತ ತಾನು ಒಣ ಎಂದುಕೊಂಡು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತ ಬದುಕಿದ್ದರು. ಹೆಡ್ಡಿನಲ್ಲಿ ಇನ್ನೂ ಅರ್ಧ ಹೂಳು ಉಳಿದಿತ್ತು. ನೀರು ಬಿಡಲು ಎಂಟು ದಿನ. ಹೂಳು ಹಾಗೇ ಇದ್ದರೆ ನೀರು ದಂಡೆ ಒಡೆದು ಅವರ ಗದ್ದೆಗೇ ನುಗ್ಗುತ್ತದೆ.

ನಾನು ಎದ್ದು ನಿಂತೆ.

"ಅಕ್ಕಂದ ಒಂದ ಬರಿಯಾಕ ಆಗಂಗಿಲ್ಲ," ಅಂದೆ. "ನಿಮ್ಮೊಳಗ ಮೂವತ್ತಾರು ಮಂದಿಗಿ ಎರಡೆರಡು ಹಸಿ ಅದಾವ. ನಾನೇ ಬರದೇನಿ. ಮೂವತ್ತಾರೂ ಮಂದಿನ್ನ ಗಾಡ್ಯಾಗ ಒಯ್ದ್ರ ಹೆಡ್ಡಿನ ಹೂಳ ಯಾರ ತೆಗಿತಾರ?"

ಸಂಗಣ್ಣ ಬಾರುಕೋಲು ಎತ್ತಿ ನನ್ನ ಬೆನ್ನಿಗೆ ಒಂದು ಬಿಟ್ಟ. ಮುಗ್ಗರಿಸಿ ಬಿದ್ದೆ, ಬಾಯಿಗೆ ಮಣ್ಣು ಬಂತು. ನಾನು ಏಳುವಷ್ಟರಲ್ಲಿ ಅಂಬ್ರಪ್ಪ ಮಾವ ಸಾಲು ಬಿಟ್ಟು ಮುಂದೆ ಬಂದಿದ್ದ.

"ನನ್ನವು ಎಷ್ಟವ, ಕರೆಮ್ಮ?"

"ಎರಡು, ಮಾವ."

"ನಂದು?" ಅಂದಳು ಚಮನಬೀ.

"ಎರಡು."

ಆಯಿ ಕೋಲೂರಿಕೊಂಡು ಬಂದಳು. ನನ್ನ ಮುಖದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಅಪ್ಪ ಹೋದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ನಂದು ಹೇಳು."

"ನಿಂದೂ ಎರಡ, ಆಯಿ."

"ಹಂಗಾರ ಮೂರ ಮಾಡು," ಅಂದಳು. ಮೆಟ್ಟಿಲು ಇಳಿದಳು. ಸೀರೆ ಎತ್ತಿಕೊಳ್ಳಲಿಲ್ಲ. ಸೊಂಟದವರೆಗೆ ನೀರಿಗೆ ಹೋಗಿ, ಬೊಗಸೆ ತುಂಬಿ, ಜಮಾದಾರನ ಮುಖ ನೋಡುತ್ತ ಕುಡಿದಳು. ಮತ್ತೊಂದು ಬೊಗಸೆ ಕುಡಿದಳು.

ಹಿಂದೆ ಅಂಬ್ರಪ್ಪ ಮಾವ ಇಳಿದ. ಚಮನಬೀ ಇಳಿದಳು. ಆಮೇಲೆ ಸಾಲು ಉಳಿಯಲಿಲ್ಲ. ಕೆಲವರು ಹೆದರಿ ಅಳುತ್ತ ಇಳಿದರು. ಕೆಲವರು ಬಯ್ಯುತ್ತ ಇಳಿದರು. ಎಮ್ಮೆಗಳು ಎದ್ದು ಆ ಕಡೆ ದಂಡೆಗೆ ಹೋದವು. ದಂಡೆಯ ಮೇಲೆ ಮುದುಕ ದುರಗಪ್ಪ ಒಬ್ಬ ಉಳಿದ. ಹನ್ನೊಂದು ವರ್ಷದಲ್ಲಿ ಒಂದೂ ಹಸಿ ಬೀಳದವನು ಅವನೊಬ್ಬನೇ. ಅದನ್ನು ಹೇಳಿಕೊಂಡು ಮೆರೆಯುತ್ತಿದ್ದ. ಬಹಳ ಹೊತ್ತು ತನ್ನ ಕಾಲನ್ನೇ ನೋಡುತ್ತ ನಿಂತ. ಆ ಕಾಲಿಗೆ ಹಿಮ್ಮಡಿಯೇ ಇರಲಿಲ್ಲ, ಅಷ್ಟು ಕೆರೆದಿದ್ದ. ಕೊನೆಗೆ ಹೋಗಿ ಕುತ್ತಿಗೆವರೆಗೆ ನೀರಲ್ಲಿ ಕುಂತುಬಿಟ್ಟ.

ಒಬ್ಬೊಬ್ಬರೂ ಮೇಲೆ ಬಂದರು. ಬಟ್ಟೆಯ ಮೇಲೆ ನಿಂತರು. "ಹಾಜರ್ರಿ, ಹಸಿ ಕಾಲು," ಅಂದರು. ನಾನು ಬರೆದೆ. ಅಕ್ಕನ ಹೆಸರಿನಿಂದ ಶುರು ಮಾಡಿ ಐವತ್ತೊಂದು ಸಲ ಹಸಿ ಎಂದು ಬರೆದೆ. ನನ್ನ ಅಕ್ಷರ ಅಷ್ಟು ಸೊಟ್ಟಗೆ ಯಾವತ್ತೂ ಬಂದಿರಲಿಲ್ಲ. ಬಟ್ಟೆಯಲ್ಲಿ ಬಿಳಿ ಎಂಬುದು ಉಳಿಯಲಿಲ್ಲ.

ಸಂಗಣ್ಣ ಸೀಟಿ ಊದಿದ. ಬಾರುಕೋಲು ಬೀಸಿದ, ಅಂಬ್ರಪ್ಪ ಮಾವನ ಹಣೆ ಒಡೆಯಿತು. ಮಾವ ಹಣೆ ಹಿಡಿದುಕೊಂಡು ಮತ್ತೆ ನೀರಿಗೆ ಹೋಗಿ ನಿಂತ. ಬೇರೆಯವರೂ ಹೋಗಿ ನಿಂತರು. ಒಬ್ಬನೇ ಎಷ್ಟು ಮಂದಿಗೆ ಬಡಿಯುತ್ತಾನೆ? ಅವನು ಫೋನು ತೆಗೆದು ಮಂಡಳಿಯ ಸಾಹೇಬರಿಗೆ ಹಚ್ಚಿದ. ಸಾಹೇಬರ ಕೂಗು ನಮಗೂ ಕೇಳುತ್ತಿತ್ತು.

"ಎಷ್ಟು ಮಂದಿ ಹಸಿ?"

"ಎಲ್ಲಾರೂ, ಸಾಹೇಬ್ರ."

"ಎಲ್ಲಾರೂ ಅಂದ್ರ?"

"ಐವತ್ತೊಂದು. ಮೂವತ್ತಾರು ಮಂದಿಗಿ ಮೂರಾದವು. ಗಾಡಿ ಎಷ್ಟು ಕಳಸ್ತೀರಿ?"

ಸಾಹೇಬರ ದನಿ ತಗ್ಗಿತು, ಆದರೂ ನಮಗೆ ಕೇಳುತ್ತಿತ್ತು. ಇವತ್ತು ಹಾಜರಿಯೇ ಆಗಿಲ್ಲ, ಆ ಹಾಳೆ ಹರಿಸು, ಆ ಹುಡುಗಿ ಕೈಯಿಂದಲೇ ಹರಿಸು, ತಿಂಥಣಿ ಕಡೆಯ ಟೇಲಿನವರಿಗೆ ಸುದ್ದಿ ಹೋಗಬಾರದು, ಬೆಳಿಗ್ಗೆ ಟ್ರ್ಯಾಕ್ಟರ್ ತುಂಬಿ ಕಳಿಸು.

ಸಂಗಣ್ಣ ಫೋನು ಜೇಬಿಗೆ ಇಟ್ಟ. ಅವನ ದನಿ ಬದಲಾಗಿತ್ತು.

"ಕರೆಮ್ಮ, ಆ ಹಾಳಿ ಹರಿಯವ್ವ. ನಿಮ್ಮಕ್ಕಂದೂ ಹೋಗ್ತದ. ಎಲ್ಲಾರದೂ ಹೋಗ್ತದ. ಏನೂ ಆಗೇ ಇಲ್ಲ ಅಂತ ತಿಳಿ."

ಅಕ್ಕ ನನ್ನನ್ನು ನೋಡಿದಳು. ಹರಿದರೆ ಅವಳು ಉಳಿಯುತ್ತಾಳೆ. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಹಾಳೆ. ಆದರೆ ನಾಳೆ ಸಂಜೆ ಐದಕ್ಕೆ ಮತ್ತೆ ಬಟ್ಟೆ ಹಾಸುತ್ತಾನೆ. ಇವತ್ತಿನ ಹಾಳೆ ಇರುವುದಿಲ್ಲ. ಅಕ್ಕನ ಎರಡು ಹಸಿ ಹಾಗೇ ಇರುತ್ತವೆ.

"ನಮ್ಮಪ್ಪಂದ ಬರದಾಗ ಯಾರೂ ಹರಿ ಅನಲಿಲ್ಲ," ಅಂದೆ. "ಬಸುರಿ ಕಾಲಿನ ರಕ್ತ ಬರದಾಗ ಹರಿ ಅನಲಿಲ್ಲ. ಇದನ್ನೂ ಹರಿಯಂಗಿಲ್ಲ."

ಅವನು ಪುಸ್ತಕಕ್ಕೆ ಕೈ ಹಾಕಿದ. ನಾನು ಪುಸ್ತಕ ಹಿಡಿದುಕೊಂಡು ಮೆಟ್ಟಿಲು ಇಳಿದು ಜನರ ನಡುವೆ ಹೋಗಿ ನಿಂತೆ. ಅವನು ದಂಡೆಯ ಮೇಲೇ ನಿಂತ. ಬೂಟು ಹಸಿಯಾಗುತ್ತದೆ ಎಂದೋ, ಜನರ ಮುಖ ನೋಡಿಯೋ, ಇಳಿಯಲಿಲ್ಲ.

"ನಾಳೆ ಹೂಳಿಗಿ ಬರ್ತೀರಿಲ್ಲೋ, ಅದನ್ನರ ಹೇಳ್ರಿ," ಅಂದ. ಆ ಮಾತಿನಲ್ಲಿ ಬೇಡಿಕೆ ಇತ್ತು.

ನಾನು ಪುಸ್ತಕ ತೆರೆದೆ. ಕೆಂಪು ಗೆರೆ ಎಳೆದ ಹೆಸರುಗಳನ್ನು ಹುಡುಕಿದೆ. ಮೊದಲ ಗೆರೆ ಚಮನಬೀಯ ಗಂಡನದು. ಕ್ಯಾಂಪಿಗೆ ಹೋಗಿ ಎರಡು ವರ್ಷವಾಯಿತು. ದಿನಾ ಸಂಜೆ ಓದುವ ದನಿಯಲ್ಲೇ ಓದಿದೆ.

"ಜಮಾಲಸಾಬ."

ಚಮನಬೀ ಸಂಗಣ್ಣನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಹಾಜರ್ ಅನ್ನುವವರು ಇರಲಿಲ್ಲ.

"ಜಮಾಲಸಾಬ ಹಾಜರ್ ಅನ್ನೋತನಕ ಮುಂದಿನ ಹೆಸರು ಓದಂಗಿಲ್ಲ," ಅಂದೆ. "ಹನ್ನೊಂದು ಹೆಸರು ಮುಗಿಯೋತನಕ ಯಾರೂ ಸಲಿಕಿ ಹಿಡಿಯಂಗಿಲ್ಲ."

ಇವತ್ತಿಗೆ ಮೂರು ದಿನ. ಬೆಳಿಗ್ಗೆ ಆರಕ್ಕೆ ನಮ್ಮನ್ನು ಹೆದರಿಸಲು ಕ್ಯಾಂಪಿನ ಗಾಡಿ ಬರುತ್ತದೆ, ಖಾಲಿ ಹೋಗುತ್ತದೆ. ಟ್ರ್ಯಾಕ್ಟರೂ ಖಾಲಿ ಹೋಗುತ್ತದೆ. ಟ್ಯಾಂಕರ್ ನಿಲ್ಲಿಸಿದ್ದಾರೆ, ನಾವು ಗುಂಡಿಯ ನೀರೇ ಕುಡಿಯುತ್ತಿದ್ದೇವೆ. ಅಕ್ಕ ಮನೆಯಲ್ಲೇ ಇದ್ದಾಳೆ, ಕೂಸು ಹಾಲು ಕುಡಿಯುತ್ತಿದೆ. ಪೊಲೀಸರು ಬರುತ್ತಾರೆಂದು ಒಬ್ಬರು ಹೇಳುತ್ತಾರೆ, ತಿಂಥಣಿಯಲ್ಲೂ ಜನ ನೀರಿಗೆ ಇಳಿದರೆಂದು ಇನ್ನೊಬ್ಬರು ಹೇಳುತ್ತಾರೆ. ಏನಾಗುತ್ತದೆಂದು ನನಗೆ ಗೊತ್ತಿಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಸಂಜೆ ಐದಕ್ಕೆ ಕಟ್ಟೆಯ ಮೇಲೆ ನಿಂತು, ಸಂಗಣ್ಣನ ಮುಂದೆ ಆ ಒಂದೇ ಹೆಸರನ್ನು ಓದಿ ಕಾಯುತ್ತೇನೆ.

ನಮ್ಮಪ್ಪನದು ಒಂಬತ್ತನೆಯ ಹೆಸರು. ನಾನು ಇನ್ನೂ ಎರಡನೆಯದನ್ನು ಓದಿಲ್ಲ.